ಹೊಗೆಯ ಸುದ್ದಿ ಯಾರಿಗೆ ತಲುಪಬೇಕು?

ಪ್ಯಾರಿಸ್ ನಗರದ ನೋತ್ರ್ ದಾಮ್ ಚರ್ಚಿಗೆ 2019ರ ಏಪ್ರಿಲ್ 15ರ ಸಂಜೆ ಬೆಂಕಿ ಬಿದ್ದುದನ್ನು ಜಗತ್ತೆಲ್ಲ ಟಿ.ವಿ.ಯ ಮುಂದೆ ಕುಳಿತು ನೋಡಿತು. ಎಂಟು ಶತಮಾನಗಳಷ್ಟು ಹಳೆಯದಾದ ಓಕ್ ಮರದ ತೊಲೆಗಳ ಮಾಡು ಅದು. ಅಲ್ಲಿ ಬಳಸಿದ್ದ ಮರಗಳ ರಾಶಿಯನ್ನು ಕಂಡು ಫ್ರೆಂಚರು ಆ ಅಟ್ಟಕ್ಕೆ ಪ್ರೀತಿಯಿಂದ ‘ಕಾಡು’ ಎಂದೇ ಹೆಸರಿಟ್ಟಿದ್ದರು. ಆ ಕಾಡು ಒಂದೇ ಸಂಜೆಗೆ ಬೂದಿಯಾಯಿತು. ಎತ್ತರದ ಶಿಖರ ಮುರಿದು ಬೀಳುವುದನ್ನು ಕಂಡು ದೇವರನ್ನು ನಂಬುವವರು, ನಂಬದವರು ಎಲ್ಲರೂ ಅತ್ತರು. ಆದರೆ ಆ ದುಃಖದ ನಡುವೆ ಹೆಚ್ಚು ಜನರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಅಂದು ಆ ಚರ್ಚಿನಲ್ಲಿ ಹೊಗೆಯನ್ನು ಪತ್ತೆ ಹಚ್ಚುವ ಯಂತ್ರವಿತ್ತು. ಅದು ಕೆಟ್ಟಿರಲಿಲ್ಲ. ತನ್ನ ಕೆಲಸವನ್ನು ಅದು ಸರಿಯಾಗಿಯೇ ಮಾಡಿತ್ತು.

ಸಂಜೆ ಆರು ಗಂಟೆ ಇಪ್ಪತ್ತು ನಿಮಿಷದ ಹೊತ್ತಿಗೆ ಯಂತ್ರ ಎಚ್ಚರಿಕೆ ಕೊಟ್ಟಿತು. ಅದರ ಮುಂದೆ ಕುಳಿತಿದ್ದ ನೌಕರ ಕೆಲಸಕ್ಕೆ ಸೇರಿ ಕೆಲವೇ ದಿನಗಳಾಗಿದ್ದವು. ಬದಲಿ ಮನುಷ್ಯ ಬಾರದೆ ಆತ ಒಂದರ ಮೇಲೊಂದು ಪಾಳಿ ಮಾಡುತ್ತಿದ್ದ. ಫಲಕದ ಮೇಲೆ ಮೂಡಿದ ಬರಹದಲ್ಲಿ ಅಕ್ಷರ ಮತ್ತು ಅಂಕಿಗಳ ಗೂಢ ಸಂಕೇತವಿತ್ತು. ಚರ್ಚಿನೊಳಗಿದ್ದ ಕಾವಲುಗಾರನಿಗೆ ಸುದ್ದಿ ಹೋಯಿತು. ಆತ ಪಾದ್ರಿಗಳ ಉಡುಪು, ಪೂಜೆಯ ಪರಿಕರಗಳನ್ನು ಇಡುವ ಪಕ್ಕದ ಚಿಕ್ಕ ಕಟ್ಟಡದ ಅಟ್ಟ ಹತ್ತಿ ನೋಡಿದ. ಅಲ್ಲಿ ಬೆಂಕಿ ಇರಲಿಲ್ಲ. ಬೆಂಕಿ ಇದ್ದುದು ಮುಖ್ಯ ಚರ್ಚಿನ ಅಟ್ಟದಲ್ಲಿ. ಮೇಲಧಿಕಾರಿಗೆ ಫೋನ್ ಮಾಡಿ, ತಪ್ಪು ತಿಳಿದು, ನೂರಾರು ಮೆಟ್ಟಿಲು ಹತ್ತಿ ಆ ಅಟ್ಟದ ಬಾಗಿಲು ತೆರೆಯುವಷ್ಟರಲ್ಲಿ ಸುಮಾರು ಅರ್ಧ ಗಂಟೆ ಕಳೆದುಹೋಗಿತ್ತು. ಅಗ್ನಿಶಾಮಕ ದಳಕ್ಕೆ ಕರೆ ಹೋದುದು ಆ ನಂತರ.

ತಪ್ಪು ಯಾರದೆಂದು ಅಲ್ಲಿ ವಾದ ವಿವಾದಗಳು ನಡೆದವು. ಆ ವಾದದಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಆ ಅರ್ಧ ಗಂಟೆ ನಮಗೂ ಸಂಬಂಧಪಟ್ಟದ್ದು. ಹಳೆಯ ಮಸೀದಿ, ದರ್ಗಾ, ಗುಡಿ, ಅರಮನೆ, ಗ್ರಂಥಾಲಯಗಳನ್ನು ಕಾಯುವ ಮಾತು ಬಂದಾಗಲೆಲ್ಲ ನಾವು ಹಣ ಮತ್ತು ಯಂತ್ರಗಳ ಲೆಕ್ಕ ಹಾಕುತ್ತೇವೆ. ಯಂತ್ರ ಕೂಗಿದಾಗ ಯಾರು ಏಳಬೇಕು, ಏಳುವವನಿಗೆ ಏನು ಗೊತ್ತಿರಬೇಕು, ಅವನಿಗೆ ಎಷ್ಟು ಅಧಿಕಾರವಿರಬೇಕು ಎಂದು ಕೇಳುವುದಿಲ್ಲ. ಇದು ಎಂಜಿನಿಯರುಗಳಿಗೆ ಬಿಟ್ಟುಬಿಡುವ ಪ್ರಶ್ನೆಯಲ್ಲ. ಇದು ನೀತಿಯ ಪ್ರಶ್ನೆ.

ಹಳೆಯ ಕಟ್ಟಡವೊಂದಕ್ಕೆ ಬೆಂಕಿಯ ಸುಳಿವು ಕೊಡುವ ವ್ಯವಸ್ಥೆ ಅಳವಡಿಸೋಣ ಎಂದು ಯಾರಾದರೂ ಎದ್ದು ಹೇಳಿದರೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಬರುತ್ತದೆ. ಮೊದಲನೆಯದು, ‘ಅಲ್ಲಾಹನ ಮನೆಯನ್ನು ಅಲ್ಲಾಹನೇ ಕಾಯುತ್ತಾನೆ, ನಮ್ಮ ಯಂತ್ರ ಅವನಿಗೆ ಬೇಕೆ?’ ಎರಡನೆಯದು, ‘ಇನ್ನೂರು ವರ್ಷದ ಕೆತ್ತನೆಯ ಮರಕ್ಕೆ ತೂತು ಕೊರೆದು ವೈರು ಎಳೆದರೆ ಅದು ಹಾಳಾಗುವುದಿಲ್ಲವೆ?’ ಮೂರನೆಯದು, ‘ಮರ ಎಂದಾದರೂ ಸುಡುವುದೇ, ಕೆಡವಿ ಕಾಂಕ್ರೀಟು ಹಾಕೋಣ.’ ಮೂರೂ ಮಾತುಗಳನ್ನು ಆಡುವವರು ಕೆಟ್ಟವರಲ್ಲ. ಮೂರರಲ್ಲೂ ಒಂದೊಂದು ಸತ್ಯದ ಎಳೆಯಿದೆ. ಆದ್ದರಿಂದಲೇ ಅವುಗಳಿಗೆ ತಾಳ್ಮೆಯಿಂದ ಉತ್ತರ ಹೇಳಬೇಕಾಗಿದೆ.

ಮೊದಲ ಮಾತಿಗೆ ನಮ್ಮ ಇತಿಹಾಸವೇ ಉತ್ತರ ಕೊಡುತ್ತದೆ. ಭೂಮಿಯ ಮೇಲೆ ಕಅಬಾಕ್ಕಿಂತ ಪವಿತ್ರವಾದ ಮನೆ ಮುಸ್ಲಿಮರಿಗೆ ಇನ್ನೊಂದಿಲ್ಲ. ಕ್ರಿ.ಶ. 683ರಲ್ಲಿ ಮಕ್ಕಾ ನಗರಕ್ಕೆ ಸೇನೆ ಮುತ್ತಿಗೆ ಹಾಕಿದ್ದ ಕಾಲದಲ್ಲಿ ಅದಕ್ಕೂ ಬೆಂಕಿ ತಗುಲಿತು. 1256ರಲ್ಲಿ ಮದೀನಾದ ಪ್ರವಾದಿ ಮಸೀದಿ ಸುಟ್ಟಿತು. ಅದನ್ನು ಸುಟ್ಟದ್ದು ಯಾವ ಶತ್ರುವೂ ಅಲ್ಲ. ದೀಪಗಳನ್ನು ತರಲು ಉಗ್ರಾಣಕ್ಕೆ ಹೋದ ಮಸೀದಿಯ ಸೇವಕನೊಬ್ಬ ಅಲ್ಲೇ ಬಿಟ್ಟುಬಂದ ಉರಿಯೊಂದು ಮಾಡಿನವರೆಗೂ ಹಬ್ಬಿತು. 1481ರಲ್ಲಿ ಅದೇ ಮಸೀದಿಯ ಮಿನಾರಕ್ಕೆ ಸಿಡಿಲು ಬಡಿದು ಮತ್ತೆ ಬೆಂಕಿ ಹತ್ತಿತು. ಮಮ್ಲೂಕ್ ಸುಲ್ತಾನ ಕಾಯಿತ್‌ಬಾಯ್ ಅದನ್ನು ಪುನಃ ಕಟ್ಟಿಸಿದ. ಅಲ್ಲಾಹನು ತನ್ನ ಪ್ರವಾದಿಯ ಮಸೀದಿಯನ್ನು ಪ್ರಕೃತಿಯ ನಿಯಮಗಳಿಂದ ಹೊರಗಿಡಲಿಲ್ಲ. ಹಾಗಿರುವಾಗ ನಮ್ಮ ಊರಿನ ಮಸೀದಿಗೆ, ನಮ್ಮ ಬೆಟ್ಟದ ದರ್ಗಾಕ್ಕೆ ಬೇರೆ ನಿಯಮ ಇರುತ್ತದೆಂದು ನಂಬುವುದು ಈಮಾನ್ ಅಲ್ಲ, ಸೋಮಾರಿತನ.

ಬೆಂಕಿಯ ವಿಷಯದಲ್ಲಿ ಪ್ರವಾದಿ ಮುಹಮ್ಮದ್ (ಸ) ಅವರ ಎಚ್ಚರಿಕೆ ಎಷ್ಟು ಸೂಕ್ಷ್ಮವಾಗಿತ್ತೆಂಬುದನ್ನು ಹದೀಸುಗಳಲ್ಲಿ ಕಾಣಬಹುದು. ಮದೀನಾದಲ್ಲಿ ಒಂದು ರಾತ್ರಿ ಮನೆಯೊಂದು ಅದರಲ್ಲಿದ್ದವರ ಸಮೇತ ಸುಟ್ಟಿತು. ಆ ಸುದ್ದಿ ಕೇಳಿದ ಪ್ರವಾದಿಯವರು ಬೆಂಕಿ ಮನುಷ್ಯನ ವೈರಿಯೆಂದೂ, ಮಲಗುವ ಮೊದಲು ಅದನ್ನು ಆರಿಸಬೇಕೆಂದೂ ಹೇಳಿದರು. ಇಲಿಯೊಂದು ದೀಪದ ಬತ್ತಿಯನ್ನು ಎಳೆದೊಯ್ದು ಮನೆಯವರನ್ನೆಲ್ಲ ಸುಟ್ಟುಬಿಡಬಹುದು ಎಂದೂ ಎಚ್ಚರಿಸಿದರು. ಇಲಿ ಮತ್ತು ಬತ್ತಿಯ ಈ ಮಾತನ್ನು ಓದುವಾಗ ನನಗೆ ಇಂದಿನ ವೈರುಗಳು ನೆನಪಾಗುತ್ತವೆ. ಇಲಿ ಈಗಲೂ ಇದೆ. ಬತ್ತಿಯ ಬದಲು ಅದು ಅಟ್ಟದಲ್ಲಿ ಹಾದುಹೋದ ವೈರಿನ ಪ್ಲಾಸ್ಟಿಕ್ಕನ್ನು ಕಡಿಯುತ್ತದೆ. ಒಂಟೆಯನ್ನು ಕಟ್ಟಿಹಾಕಿ ಆಮೇಲೆ ಅಲ್ಲಾಹನ ಮೇಲೆ ಭರವಸೆ ಇಡು ಎಂಬ ಬೋಧನೆ ಎಲ್ಲರಿಗೂ ಬಾಯಿಪಾಠ. ನಮ್ಮ ಒಂಟೆ ಮರದ ಮಸೀದಿಯಾಗಿದ್ದರೆ ಅದನ್ನು ಕಟ್ಟುವ ಹಗ್ಗ ಯಾವುದು? ಅದು ಹೊಗೆಯನ್ನು ಬೇಗ ಗುರುತಿಸುವ ಏರ್ಪಾಡೇ. ತವಕ್ಕುಲ್ ಎಂಬುದು ಹಗ್ಗ ಕಟ್ಟಿದ ಮೇಲಿನ ಮನಸ್ಸಿನ ಸ್ಥಿತಿ. ಹಗ್ಗ ಕಟ್ಟದಿರುವುದಕ್ಕೆ ಅದು ನೆಪವಲ್ಲ.

ಎರಡನೆಯ ಮಾತಿಗೆ, ಅಂದರೆ ಕೆತ್ತನೆಯ ಮರಕ್ಕೆ ನೋವಾಗುತ್ತದೆ ಎಂಬ ಮಾತಿಗೆ, ಹೆಚ್ಚು ಗೌರವ ಕೊಡಬೇಕು. ಹಳೆಯದನ್ನು ಕಂಡು ಕರಗುವ ಮನಸ್ಸು ನಮ್ಮಲ್ಲಿ ಕಡಿಮೆಯಾಗುತ್ತಿರುವ ಕಾಲವಿದು. ನೋತ್ರ್ ದಾಮ್‌ನ ಜವಾಬ್ದಾರಿ ಹೊತ್ತಿದ್ದವರಿಗೂ ಅಂಥ ಮನಸ್ಸಿತ್ತು. ಆ ಪುರಾತನ ಅಟ್ಟದಲ್ಲಿ ನೀರು ಚಿಮ್ಮಿಸುವ ಕೊಳವೆಗಳೂ ಬೆಂಕಿಯನ್ನು ತಡೆಯುವ ಅಡ್ಡಗೋಡೆಗಳೂ ಬೇಡ, ಮರದ ರೂಪ ಕೆಡಬಾರದು ಎಂದು ಅವರು ತೀರ್ಮಾನಿಸಿದ್ದರು. ಹಳೆಯ ದಪ್ಪ ಓಕ್ ನಿಧಾನವಾಗಿ ಸುಡುತ್ತದೆ, ಅಷ್ಟರಲ್ಲಿ ಜನ ಹೋಗಿ ನೋಡಬಹುದು ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಿತು. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ತೆರೆದಾಗ ಹೊಸ ಓಕ್ ಮಾಡಿನ ಕೆಳಗೆ ನೀರಿನ ಮಂಜನ್ನು ಚಿಮ್ಮಿಸುವ ವ್ಯವಸ್ಥೆಯೂ ಬಂದಿತ್ತು. ಹಳೆಯ ಮರವನ್ನು ಮುಟ್ಟಲು ಹಿಂಜರಿದವರು ಕೊನೆಗೆ ಹೊಸ ಮರವನ್ನು ಕಾಯಬೇಕಾಯಿತು.

ಮರಕ್ಕೆ ನೋವು ಮಾಡದೆಯೇ ಕಾಯುವ ದಾರಿಗಳು ಇಲ್ಲವೆಂದೇನೂ ಇಲ್ಲ. ಹೋಟೆಲು, ಆಸ್ಪತ್ರೆಗಳ ತಾರಸಿಯಲ್ಲಿ ಕಾಣುವ ಬಿಳಿ ಡಬ್ಬಿಯಂಥ ಉಪಕರಣ ಒಂದು ಬಗೆಯದು ಮಾತ್ರ. ಇನ್ನೊಂದು ಬಗೆಯಲ್ಲಿ ಸಪೂರವಾದ ಕೊಳವೆಯೊಂದನ್ನು ಅಟ್ಟದಲ್ಲಿ ಅಥವಾ ಕೆತ್ತನೆಯ ಪಟ್ಟಿಯ ಹಿಂದೆ ಹಾಯಿಸುತ್ತಾರೆ. ಅದರಲ್ಲಿ ಅಲ್ಲಲ್ಲಿ ಪುಟ್ಟ ರಂಧ್ರಗಳಿರುತ್ತವೆ. ದೂರದಲ್ಲಿಟ್ಟ ಪೆಟ್ಟಿಗೆಯೊಂದರ ಫ್ಯಾನು ಆ ರಂಧ್ರಗಳ ಮೂಲಕ ಗಾಳಿಯನ್ನು ಹೀರುತ್ತಲೇ ಇರುತ್ತದೆ. ಪೆಟ್ಟಿಗೆಯೊಳಗಿನ ಲೇಸರ್ ಬೆಳಕು ಆ ಗಾಳಿಯಲ್ಲಿ ಹೊಗೆಯ ಕಣಗಳಿವೆಯೇ ಎಂದು ನೋಡುತ್ತದೆ. ಕಣ್ಣಿಗೆ ಕಾಣುವ ಮುನ್ನವೇ ಹೊಗೆಯನ್ನು ಮೂಸಿ ನೋಡುವ ಮೂಗು ಎನ್ನಬಹುದು. ಕೆಳಗೆ ನಿಂತವನಿಗೆ ಕಾಣುವುದು ಹೆಚ್ಚೆಂದರೆ ಗುಂಡುಸೂಜಿಯ ತಲೆಯಷ್ಟು ತೂತು. ವೈರು ಎಳೆಯಲಾಗದ ಕಡೆ ಬ್ಯಾಟರಿಯಿಂದ ನಡೆದು ರೇಡಿಯೋ ಅಲೆಗಳ ಮೂಲಕ ಸುದ್ದಿ ಮುಟ್ಟಿಸುವ ಉಪಕರಣಗಳಿವೆ. ತೊಲೆಯ ಉದ್ದಕ್ಕೂ ಮಲಗಿಸಿಡುವ ಕೇಬಲ್ ಇದೆ. ನಿಗದಿತ ಬಿಸಿ ತಗುಲಿದೊಡನೆ ಅದರ ಹೊದಿಕೆ ಕರಗಿ, ಒಳಗಿನ ತಂತಿಗಳು ಒಂದನ್ನೊಂದು ಮುಟ್ಟಿ ಸೂಚನೆ ಹೋಗುತ್ತದೆ.

ಎತ್ತರದ ಗುಮ್ಮಟಗಳ ಸಮಸ್ಯೆ ಬೇರೆ. ಬೇಸಗೆಯಲ್ಲಿ ಗುಮ್ಮಟದ ತುದಿಯಲ್ಲಿ ಬಿಸಿ ಗಾಳಿ ಸೇರಿಕೊಂಡಿರುತ್ತದೆ. ಕೆಳಗಿನಿಂದ ಏಳುವ ಹೊಗೆ ಮೇಲೇರುತ್ತ ತಣ್ಣಗಾಗಿ ಆ ಬಿಸಿ ಪದರದ ಕೆಳಗೇ ನಿಂತುಬಿಡುತ್ತದೆ. ಗುಮ್ಮಟದ ನೆತ್ತಿಯಲ್ಲಿ ಕೂರಿಸಿದ ಯಂತ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಅಂಥಲ್ಲಿ ಈ ಗೋಡೆಯಿಂದ ಆ ಗೋಡೆಗೆ ಕಣ್ಣಿಗೆ ಕಾಣದ ಕಿರಣವೊಂದನ್ನು ಹಾಯಿಸಿ, ಹೊಗೆ ಅದಕ್ಕೆ ಅಡ್ಡ ಬಂದೊಡನೆ ತಿಳಿಯುವಂತೆ ಮಾಡುತ್ತಾರೆ. ಕಟ್ಟಡದ ಸ್ವಭಾವ ಅರಿಯದೆ ಅಂಗಡಿಯಿಂದ ತಂದು ಸಿಕ್ಕಿಸಿದ ಯಂತ್ರ ಕುರುಡನಂತೆ. ಏನೇ ಅಳವಡಿಸಿದರೂ ನಾಳೆ ತೆಗೆದಾಗ ಮೂಲ ಮೊದಲಿನಂತೆಯೇ ಉಳಿದಿರಬೇಕು ಎಂಬುದು ಹಳೆಯ ಕಟ್ಟಡಗಳನ್ನು ಸಂರಕ್ಷಿಸುವವರು ಪಾಲಿಸುವ ನಿಯಮ. ಮೊಳೆಯ ಬದಲು ಹಿಡಿಕೆ, ಕೆತ್ತನೆಯ ಬದಲು ಸಂದು, ಮುಂಭಾಗದ ಬದಲು ಹಿಂಭಾಗ. ನಿಜವಾದ ಪ್ರೀತಿ ಇರುವವನಿಗೆ ಇಷ್ಟು ತಾಳ್ಮೆ ಕಷ್ಟವೇನಲ್ಲ.

ಇಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಹೊಗೆ ಪತ್ತೆಯ ಕೊಳವೆಗೆ ಒಂದು ತೂತು ಬೇಡವೆನ್ನುವ ನಾವು ಫ್ಯಾನು, ಧ್ವನಿವರ್ಧಕ, ಏರ್ ಕಂಡೀಷನರ್, ಉರುಸಿನ ಸೀರಿಯಲ್ ಸೆಟ್ಟುಗಳಿಗಾಗಿ ಅದೇ ಮರಕ್ಕೆ ಎಷ್ಟು ಮೊಳೆ ಹೊಡೆದಿದ್ದೇವೆ? ಬ್ರೆಜಿಲ್ ದೇಶದ ರಿಯೋ ನಗರದಲ್ಲಿ ಹಿಂದೆ ರಾಜರ ಅರಮನೆಯಾಗಿದ್ದ ಕಟ್ಟಡದಲ್ಲಿ ರಾಷ್ಟ್ರೀಯ ವಸ್ತು ಸಂಗ್ರಹಾಲಯವಿತ್ತು. 2018ರ ಸೆಪ್ಟೆಂಬರ್ 2ರ ರಾತ್ರಿ ಅದು ಸುಟ್ಟುಹೋಯಿತು. ಎರಡು ಕೋಟಿಯಷ್ಟಿದ್ದ ವಸ್ತುಗಳಲ್ಲಿ ಬಹುಪಾಲು ನಾಶವಾದವು. ಸಭಾಂಗಣದಲ್ಲಿದ್ದ ಏರ್ ಕಂಡೀಷನರಿನಿಂದ ಬೆಂಕಿ ಆರಂಭವಾಗಿರಬೇಕೆಂದು ತನಿಖೆ ನಡೆಸಿದ ಪೊಲೀಸರು ಹೇಳಿದರು. ತಂಪು ಬೇಕೆಂದು ತಂದ ಯಂತ್ರ ಒಳಗಿತ್ತು. ಸುತ್ತಲಿನ ನಲ್ಲಿಗಳಲ್ಲಿ ಬೆಂಕಿ ಆರಿಸಲು ಸಾಕಷ್ಟು ನೀರಿರಲಿಲ್ಲ. ನಮ್ಮ ಸುಖಕ್ಕೆ ಹಳೆಯ ಕಟ್ಟಡ ಗಾಯಗೊಳ್ಳಬಹುದು, ಅದರ ರಕ್ಷಣೆಗೆ ಮಾತ್ರ ಗೀರು ಕೂಡ ಬೀಳಬಾರದು ಎಂಬುದು ಯಾವ ನ್ಯಾಯ?

ಮೂರನೆಯ ಮಾತು ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಜಾಣತನದಂತೆ ಕಾಣುತ್ತದೆ. ಮರ ತೆಗೆದು ಕಾಂಕ್ರೀಟು ಹಾಕಿದರೆ ಬೆಂಕಿಯ ಭಯವಿಲ್ಲ, ಗೆದ್ದಲಿನ ಕಾಟವಿಲ್ಲ, ಜಾಗವೂ ಹೆಚ್ಚು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಎಷ್ಟೋ ಹಳೆಯ ಮರದ ಮಸೀದಿಗಳು ಹೀಗೆ ಮಾಯವಾಗಿವೆ. ಸುಟ್ಟ ಮೇಲೆ ಬೇರೆ ರೀತಿಯಲ್ಲಿ ಕಟ್ಟುವುದು ತಪ್ಪೆಂದು ಯಾರೂ ಹೇಳಲಾರರು. ಮೈಸೂರಿನ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ರೂಪಿಸಿದ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅದರಲ್ಲಿ ಕಲ್ಲು, ಇಟ್ಟಿಗೆ, ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದ ಕಬ್ಬಿಣದ ಕಂಬಗಳು ಬಂದವು. ಇಂದು ನಾಡಿನವರೆಲ್ಲ ಹೆಮ್ಮೆಪಡುವ ಅರಮನೆ ಅದೇ. ಆದರೆ ಬೆಂಕಿ ಬೀಳಬಹುದೆಂಬ ಹೆದರಿಕೆಯಿಂದ ಮೊದಲೇ ಕೆಡವುವುದು ಬೇರೆ. ಕಾಯಿಲೆ ಬರಬಹುದೆಂದು ಹೆದರಿ ಮನುಷ್ಯನನ್ನೇ ಕೊಂದಂತೆ ಅದು.

ಮಂಗಳೂರು ಬಂದರಿನ ಜೀನತ್ ಬಕ್ಷ್ ಮಸೀದಿಯ ಒಳಗಿನ ಕೆತ್ತನೆಯ ಮರದ ಕಂಬಗಳನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಶ್ರೀರಂಗಪಟ್ಟಣದ ದರಿಯಾ ದೌಲತ್, ಬೆಂಗಳೂರು ಕೋಟೆಯ ಬಳಿಯ ಟಿಪ್ಪು ಅರಮನೆ ಎರಡರದೂ ಜೀವ ಇರುವುದು ತೇಗದ ಕಂಬ, ಕಮಾನು, ಮಾಳಿಗೆಗಳಲ್ಲಿ. ದರಿಯಾ ದೌಲತ್‌ನ ಗೋಡೆಯ ಮೇಲಿನ ಪೊಳ್ಳಿಲೂರು ಯುದ್ಧದ ಚಿತ್ರವನ್ನು ಇನ್ನೊಮ್ಮೆ ಬರೆಸಬಹುದು. ಆದರೆ ಆ ಯುದ್ಧವನ್ನು ಕಂಡ ಕಾಲದವರ ಕೈ ಬರೆದದ್ದು ಮತ್ತೆ ಬರುವುದಿಲ್ಲ.

ಶ್ರೀನಗರದ ಜಾಮಿಯಾ ಮಸೀದಿಯ ಕುರಿತು ಒಂದು ಕತೆ ಪ್ರಚಲಿತವಾಗಿದೆ. ದೇವದಾರು ಮರದ ಮುನ್ನೂರಕ್ಕೂ ಮಿಕ್ಕಿದ ಕಂಬಗಳ ಆ ಮಸೀದಿ 1479, 1620 ಮತ್ತು 1674ರಲ್ಲಿ, ಹೀಗೆ ಮೂರು ಸಲ ಸುಟ್ಟಿತು. ಮೂರನೆಯ ಬೆಂಕಿಯ ಸುದ್ದಿ ಬಂದಾಗ ಔರಂಗಜೇಬ ಮೊದಲು ಕೇಳಿದ್ದು ಅಂಗಳದ ಚಿನಾರ್ ಮರಗಳು ಉಳಿದವೇ ಎಂದಂತೆ. ಮಸೀದಿಯನ್ನು ಮತ್ತೆ ಕಟ್ಟಬಹುದು, ಬೆಳೆದ ಚಿನಾರನ್ನು ಕಟ್ಟಲಾಗದು ಎಂಬುದು ಆತನ ಮಾತಿನ ಭಾವ. ಕತೆ ನಿಜವೋ ಅಲ್ಲವೋ, ಅದರೊಳಗಿನ ವಿವೇಕ ನಿಜ. ಮತ್ತೆ ಮಾಡಬಹುದಾದದ್ದು ಯಾವುದು, ಮತ್ತೆ ಮಾಡಲಾಗದ್ದು ಯಾವುದು ಎಂದು ಮೊದಲೇ ತಿಳಿದಿರಬೇಕು. ಆದರೆ ನಾನೂರು ವರ್ಷದ ಕೆತ್ತನೆಯ ತೊಲೆ ಕೂಡ ಒಂದು ಚಿನಾರೇ. ಅದನ್ನು ಬೆಳೆಸಿದ ಕಾಡು ಇಲ್ಲ, ಕೆತ್ತಿದ ಉಸ್ತಾದನಿಲ್ಲ. ಜೆರುಸಲೇಮಿನ ಅಲ್ ಅಕ್ಸಾ ಮಸೀದಿಗೆ 1969ರ ಆಗಸ್ಟ್ 21ರಂದು ಆಸ್ಟ್ರೇಲಿಯಾದ ಮತಾಂಧನೊಬ್ಬ ಬೆಂಕಿ ಇಟ್ಟಾಗ ಸಲಾಹುದ್ದೀನ್ ತಂದಿರಿಸಿದ್ದ ಮಿಂಬರ್ ಸುಟ್ಟಿತು. ಮೊಳೆ, ಅಂಟು ಬಳಸದೆ ಮರದ ತುಂಡುಗಳನ್ನು ಒಂದರೊಳಗೊಂದು ಕೂಡಿಸಿದ್ದ ಆ ಕೆಲಸದ ಗುಟ್ಟನ್ನು ಮತ್ತೆ ಕಲಿತು, ಅದೇ ರೂಪದ ಹೊಸ ಮಿಂಬರನ್ನು ಅಲ್ಲಿ ನಿಲ್ಲಿಸುವಾಗ 2007 ಬಂದಿತ್ತು. ಒಂದು ದಿನದ ಬೆಂಕಿಗೆ ಮೂವತ್ತೆಂಟು ವರ್ಷದ ಉತ್ತರ.

ಹಳೆಯ ಮಸೀದಿಯ ಮುತವಲ್ಲಿ ಅದರ ಒಡೆಯನಲ್ಲ. ವಕ್ಫ್ ಎಂಬ ಪರಿಕಲ್ಪನೆಯ ತಿರುಳೇ ಇದು. ಕೊಟ್ಟವನು ಸತ್ತಿದ್ದಾನೆ, ಪಡೆಯಬೇಕಾದವನು ಇನ್ನೂ ಹುಟ್ಟಿಲ್ಲ, ಇಬ್ಬರ ನಡುವೆ ನಿಂತವನು ಬರಿಯ ಅಮಾನತುದಾರ. ಅಮಾನತ್ತನ್ನು ಬಳಸಬಹುದು, ಸವೆಸಬಾರದು. ನಮಗೆ ಬಂದ ಸ್ಥಿತಿಗಿಂತ ಕೆಟ್ಟ ಸ್ಥಿತಿಯಲ್ಲಿ ಮುಂದಿನವರಿಗೆ ಒಪ್ಪಿಸಬಾರದು. ದೇವಸ್ಥಾನದ ಧರ್ಮದರ್ಶಿಗೂ ಚರ್ಚಿನ ಪಾದ್ರಿಗೂ ಸರ್ಕಾರಿ ಗ್ರಂಥಪಾಲಕನಿಗೂ ಈ ಮಾತು ಒಂದೇ. ಅಮೃತಶಿಲೆಯ ನೆಲಕ್ಕೆ, ಇನ್ನೊಂದು ಮಿನಾರಕ್ಕೆ ಚಂದಾ ಎತ್ತುವುದು ಸುಲಭ. ಅವು ಕಾಣುತ್ತವೆ, ಅವುಗಳ ಮೇಲೆ ಕೊಟ್ಟವರ ಹೆಸರು ಬರೆಸಬಹುದು. ಹೊಗೆ ಪತ್ತೆಯ ಕೊಳವೆಯ ಮೇಲೆ ಯಾರ ಹೆಸರನ್ನೂ ಬರೆಸಲಾಗದು. ಅದು ಚೆನ್ನಾಗಿ ಕೆಲಸ ಮಾಡಿದಷ್ಟೂ ಏನೂ ಆಗಿಲ್ಲವೆಂದೇ ಕಾಣುತ್ತದೆ. ಯಾರಿಗೂ ಕಾಣದ, ಯಾರೂ ಹೊಗಳದ ಇಂಥ ಖರ್ಚನ್ನು ಮಾಡುವ ಜಮಾಅತ್ತು ನಿಜಕ್ಕೂ ಅಲ್ಲಾಹನಿಗಾಗಿ ಖರ್ಚು ಮಾಡುತ್ತಿದೆ ಎಂದು ನನ್ನ ನಂಬಿಕೆ.

ಆದರೆ ಕಟ್ಟಡದ ಮೇಲಿನ ಮೋಹ ಒಂದು ಮುಖ್ಯ ವಿಷಯವನ್ನು ಮರೆಸಬಾರದು. ಹಳೆಯ ದರ್ಗಾಗಳ ಜಗಲಿಯಲ್ಲಿ ಯಾತ್ರಿಕರು ಮಲಗಿರುತ್ತಾರೆ. ಮಸೀದಿಯ ಮಾಳಿಗೆಯಲ್ಲಿ ಮದ್ರಸದ ಮಕ್ಕಳಿರುತ್ತಾರೆ. ರಾತ್ರಿ ಎದ್ದ ಹೊಗೆ ಉರಿಗಿಂತ ಮೊದಲೇ ನಿದ್ದೆಯಲ್ಲಿದ್ದವರ ಉಸಿರು ಕಟ್ಟಿಸುತ್ತದೆ. ಎಚ್ಚರಿಕೆಯ ಗಂಟೆ ಮೊದಲು ಕೇಳಬೇಕಾದದ್ದು ಅವರಿಗೆ. ಒಂದು ಜೀವ ಉಳಿಸಿದವನು ಇಡೀ ಮನುಕುಲವನ್ನು ಉಳಿಸಿದಂತೆ ಎನ್ನುವ ಧರ್ಮಕ್ಕೆ ಸೇರಿದವರು ನಾವು. ಆದ್ದರಿಂದ ಕ್ರಮ ಸ್ಪಷ್ಟವಾಗಿರಲಿ: ಮೊದಲು ಜನ, ಆಮೇಲೆ ಎತ್ತಿ ಒಯ್ಯಬಹುದಾದ ಅಮೂಲ್ಯ ವಸ್ತುಗಳು, ಆಮೇಲೆ ಕಟ್ಟಡ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಹದಿನೇಳನೆಯ ಶತಮಾನದ ಹಳೆಯ ಷೇರು ವಿನಿಮಯ ಕಟ್ಟಡಕ್ಕೆ 2024ರ ಏಪ್ರಿಲ್ 16ರಂದು ಬೆಂಕಿ ಬಿದ್ದಾಗ ಒಳಗಿದ್ದವರೆಲ್ಲ ಪಾರಾದರು. ಸಿಬ್ಬಂದಿಯ ಜೊತೆ ದಾರಿಹೋಕರೂ ಸೇರಿ ದೊಡ್ಡ ದೊಡ್ಡ ತೈಲಚಿತ್ರಗಳನ್ನು ಹೊತ್ತು ಹೊರಗೆ ತಂದರು. ಶಿಖರ ಬಿತ್ತು, ಚಿತ್ರಗಳು ಉಳಿದವು. ಆಗ ಆ ಕಟ್ಟಡದ ದುರಸ್ತಿ ನಡೆಯುತ್ತಿತ್ತು. ನೋತ್ರ್ ದಾಮ್‌ನಲ್ಲೂ ದುರಸ್ತಿ ನಡೆಯುತ್ತಿತ್ತು. ಹಳೆಯ ಕಟ್ಟಡಕ್ಕೆ ಅತ್ಯಂತ ಅಪಾಯದ ಕಾಲ ಅದನ್ನು ಪ್ರೀತಿಯಿಂದ ರಿಪೇರಿ ಮಾಡುವ ಕಾಲವೇ. ವೆಲ್ಡಿಂಗಿನ ಕಿಡಿ, ತಾತ್ಕಾಲಿಕ ವೈರು, ಸೇದಿ ಎಸೆದ ಬೀಡಿ, ಧೂಳಿಗೆ ಹೆದರಿ ಮುಚ್ಚಿಟ್ಟ ಹೊಗೆಯಂತ್ರ. ಕೆಲಸದ ದಿನಗಳಲ್ಲಿ ಕಾವಲು ಇಮ್ಮಡಿಯಾಗಬೇಕು.

ಈಗ ಆ ಅರ್ಧ ಗಂಟೆಗೆ ಮರಳೋಣ. ಹೊಗೆಯಂತ್ರವೆಂದರೆ ಒಂದು ಅಜಾನ್. ಮುಅಜ್ಜಿನ್ ಎಷ್ಟು ಇಂಪಾಗಿ ಕೂಗಿದರೂ ಕೂಗಿನಿಂದಲೇ ನಮಾಜು ಆಗುವುದಿಲ್ಲ. ಕೇಳಿದವರು ಏಳಬೇಕು, ವುಜೂ ಮಾಡಬೇಕು, ಸಾಲಿನಲ್ಲಿ ನಿಲ್ಲಬೇಕು. ಪ್ಯಾರಿಸಿನಲ್ಲಿ ಅಜಾನ್ ಆಗಿತ್ತು, ಜನ ತಪ್ಪು ಮಸೀದಿಗೆ ಹೋದರು.

ನಮ್ಮ ಹಳೆಯ ಮಸೀದಿ, ದರ್ಗಾಗಳಲ್ಲಿ ರಾತ್ರಿ ಉಳಿಯುವವರು ಯಾರು? ಮುಅಜ್ಜಿನ್, ಮುಜಾವರ್, ಗುಡಿಸಿ ಒರೆಸುವ ಹುಡುಗ. ಕಮಿಟಿಯಲ್ಲಿ ಅವರಿಗೆ ಕುರ್ಚಿ ಇರುವುದಿಲ್ಲ. ಅವರ ಸಂಬಳವೆಷ್ಟೆಂದು ಬಾಯಿಬಿಟ್ಟು ಹೇಳಲು ಕಮಿಟಿಯವರಿಗೇ ಸಂಕೋಚ. ಲಕ್ಷಗಟ್ಟಲೆ ಬೆಲೆಯ ಯಂತ್ರ ತಂದು ಇಂಥವನ ತಲೆಯ ಮೇಲೆ ತೂಗುಹಾಕಿ, ಅದು ಕೂಗಿದರೆ ಏನು ಮಾಡಬೇಕೆಂದು ಹೇಳಿಕೊಡದೆ ಹೋದರೆ ನಾವು ಅಮಾನತ್ತನ್ನು ಕಾಯ್ದಂತಾಯಿತೆ? ಅವನಿಗೆ ಗೊತ್ತಿರುವುದು ಒಂದೇ: ಅಧ್ಯಕ್ಷರಿಗೆ ಫೋನ್ ಮಾಡದೆ ಏನೂ ಮಾಡಬಾರದು. ಅಧ್ಯಕ್ಷರು ನಿದ್ದೆಯಲ್ಲಿರುತ್ತಾರೆ. ಹೊಗೆ ಕಾಯುವುದಿಲ್ಲ. ಜವಾಬ್ದಾರಿಯನ್ನು ಕೆಳಗಿನವನ ಹೆಗಲಿಗೂ ಅಧಿಕಾರವನ್ನು ಮೇಲಿನವನ ಜೇಬಿಗೂ ಹಾಕುವುದು ನಮ್ಮ ಸಮಾಜದ ಹಳೆಯ ರೋಗ. ಹೊಗೆಯಂತ್ರ ಈ ರೋಗವನ್ನು ಗುಣಪಡಿಸದು, ಬಯಲಿಗೆ ತರುತ್ತದೆ ಅಷ್ಟೆ.

ಇದರ ಜೊತೆಗೆ ಸುಳ್ಳು ಎಚ್ಚರಿಕೆಯ ತೊಂದರೆಯೂ ಇದೆ. ಧೂಳು, ಹುಳ, ಅಡುಗೆಯ ಹಬೆ ಇವಕ್ಕೆಲ್ಲ ಯಂತ್ರ ಕೂಗಬಹುದು. ದರ್ಗಾದಲ್ಲಿ ಗುರುವಾರ ಸಂಜೆಯ ಲೋಬಾನ, ಗುಡಿಯಲ್ಲಿ ಧೂಪ, ಎಲ್ಲ ಕಡೆ ಊದುಬತ್ತಿ. ನಾಲ್ಕು ಸಲ ಕೂಗಿದ ಮೇಲೆ ಐದನೆಯ ಸಲ ಯಾರೋ ಅದರ ಬಾಯಿ ಮುಚ್ಚಿಸುತ್ತಾರೆ. ‘ತೋಳ ಬಂತು ತೋಳ’ ಎಂದು ಸುಳ್ಳು ಕೂಗಿದ ಹುಡುಗನ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ಕತೆಯಲ್ಲಿ ತಪ್ಪು ಹುಡುಗನದು. ಯಂತ್ರಕ್ಕೆ ಹಾಗೆ ಚೇಷ್ಟೆ ಗೊತ್ತಿಲ್ಲ. ಲೋಬಾನ ಹಾಕುವ ಕಡೆ ಹೊಗೆಯ ಬದಲು ಬಿಸಿಯನ್ನು ಅಳೆಯುವ ಉಪಕರಣ ಇಡಬೇಕಿತ್ತು, ಇಡಲಿಲ್ಲ. ವರ್ಷಕ್ಕೊಮ್ಮೆ ಶುಚಿ ಮಾಡಬೇಕಿತ್ತು, ಮಾಡಲಿಲ್ಲ. ಇಲ್ಲಿ ತಪ್ಪು ಊರಿನವರದು. ಇನ್ನೂ ಒಂದು ಮಾತು: ಅನುಮಾನ ಬಂದು 101ಕ್ಕೆ ಕರೆ ಮಾಡಿದ ಬಡ ಕಾವಲುಗಾರನನ್ನು, ಬೆಂಕಿ ಇರಲಿಲ್ಲವೆಂದು ತಿಳಿದ ಮೇಲೆ, ಯಾರೂ ಬೈಯಬಾರದು. ಒಮ್ಮೆ ಬೈಸಿಕೊಂಡವನು ಮುಂದಿನ ಸಲ ಮೊದಲು ಹೋಗಿ ನೋಡಿಬರುತ್ತಾನೆ. ನೋಡಿಬರುವ ಆ ಹೊತ್ತಿನಲ್ಲೇ ಕಟ್ಟಡ ಹೋಗುತ್ತದೆ. ಒಬ್ಬ ಬಡವನಿಗೆ ತಪ್ಪು ಮಾಡುವ ಸ್ವಾತಂತ್ರ್ಯವನ್ನು ಕೊಡಲಾಗದ ಸಮಾಜ ತನ್ನ ಇತಿಹಾಸವನ್ನು ಉಳಿಸಿಕೊಳ್ಳಲಾರದು.

ಯಂತ್ರದ ಮಿತಿಯನ್ನೂ ಹೇಳಬೇಕು. 1992ರ ಆಗಸ್ಟಿನಲ್ಲಿ ಸರಾಯೆವೊ ನಗರದ ಗ್ರಂಥಾಲಯ ಸುಟ್ಟದ್ದು ಬೆಟ್ಟಗಳ ಮೇಲಿನಿಂದ ಬಿದ್ದ ಶೆಲ್ಲುಗಳಿಂದ. 1995ರ ಮೇ ತಿಂಗಳಲ್ಲಿ ಕಾಶ್ಮೀರದ ಚರಾರ್ ಎ ಶರೀಫ್‌ನಲ್ಲಿ ಶೇಖ್ ನೂರುದ್ದೀನರ ದರ್ಗಾ ಸುಟ್ಟದ್ದು ಉಗ್ರರು ಮತ್ತು ಸೇನೆಯ ಸೆಣಸಾಟದ ನಡುವೆ. ಹಿಂದೂ ಮುಸ್ಲಿಮರಿಬ್ಬರೂ ನಂದ ಋಷಿ ಎಂದು ನೆನೆಯುವ ಸಂತನ ನೆಲೆ ಅದು. ಇಂಥ ಉರಿಯನ್ನು ಯಾವ ಲೇಸರ್ ಬೆಳಕೂ ತಡೆಯಲಾರದು. ಮನುಷ್ಯನ ಎದೆಯೊಳಗಿನ ಹೊಗೆಯನ್ನು ಮೂಸಿ ನೋಡುವ ಯಂತ್ರ ಇನ್ನೂ ಬಂದಿಲ್ಲ. ಅದನ್ನು ಪತ್ತೆ ಹಚ್ಚುವ ಕೆಲಸ ಬರಹಗಾರರದು, ಧರ್ಮಗುರುಗಳದು, ನೆರೆಹೊರೆಯವರದು. ಆದರೆ ದ್ವೇಷದ ಬೆಂಕಿಯನ್ನು ತಡೆಯಲಾಗದು ಎಂಬ ಕಾರಣಕ್ಕೆ ಇಲಿ ಕಡಿದ ವೈರಿನ ಬೆಂಕಿಯನ್ನೂ ಬಿಟ್ಟುಬಿಡುವುದು ವಿವೇಕವಲ್ಲ.

ಅದೇ ಕಾಶ್ಮೀರದ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. 2012ರ ಜೂನ್ 25ರಂದು ಶ್ರೀನಗರದ ಖನ್ಯಾರಿನಲ್ಲಿ ದಸ್ತಗೀರ್ ಸಾಹೇಬರ ಇನ್ನೂರು ವರ್ಷದ ಮರದ ದರ್ಗಾ ಸುಟ್ಟಿತು. ಪವಿತ್ರ ಅವಶೇಷಗಳು ಬೆಂಕಿ ತಾಗದ ಭದ್ರ ಕೋಣೆಯಲ್ಲಿದ್ದುದರಿಂದ ಉಳಿದವು. ಅಗ್ನಿಶಾಮಕ ದಳ ತಡವಾಗಿ ಬಂತೆಂದು ಜನ ಬೀದಿಗಿಳಿದರು. 2017ರ ನವೆಂಬರಿನ ಒಂದು ರಾತ್ರಿ ಝೇಲಂ ದಡದ ಖಾನ್‌ಕಾಹ್ ಎ ಮೌಲಾದ ಶಿಖರಕ್ಕೆ ಬೆಂಕಿ ಹತ್ತಿತು. ಆ ಸಲ ಅಗ್ನಿಶಾಮಕ ದಳದವರೂ ಮೊಹಲ್ಲಾದ ಜನರೂ ಸೇರಿ ಬೇಗನೆ ನಂದಿಸಿದರು. ಶಿಖರ ಹೋಯಿತು, ಬಣ್ಣ ಬಳಿದ ಮರದ ಆ ಅಪೂರ್ವ ಒಳಾಂಗಣ ಉಳಿಯಿತು. ಮರುವರ್ಷ ಹೊಸ ಶಿಖರ ಏರಿತು. ಎರಡು ಬೆಂಕಿಗಳ ನಡುವಿನ ವ್ಯತ್ಯಾಸ ಕೆಲವು ನಿಮಿಷಗಳದು. 2021ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ಟೌನ್ ವಿಶ್ವವಿದ್ಯಾನಿಲಯದ ಜ್ಯಾಗರ್ ಗ್ರಂಥಾಲಯಕ್ಕೆ ಕಾಡ್ಗಿಚ್ಚು ಹಬ್ಬಿತು. ಓದುವ ಕೊಠಡಿ ಸುಟ್ಟುಹೋಯಿತು. ಆದರೆ ಬೆಂಕಿಯ ಸುಳಿವು ಹಿಡಿದ ಯಂತ್ರ ಲೋಹದ ತಡೆಬಾಗಿಲುಗಳನ್ನು ತಾನಾಗಿಯೇ ಇಳಿಸಿದ್ದರಿಂದ ಉಳಿದ ಭಾಗಗಳಿಗೆ ಉರಿ ಹಬ್ಬಲಿಲ್ಲ. ಆ ನಿಮಿಷಗಳನ್ನು ನಮಗೆ ಗಳಿಸಿಕೊಡುವುದಷ್ಟೇ ಯಂತ್ರದ ಕೆಲಸ. ಅವುಗಳಲ್ಲಿ ಏನು ಮಾಡಬೇಕೆಂಬುದು ನಮಗೆ ಬಿಟ್ಟದ್ದು.

ಹೀಗಾಗಿ ಹಳೆಯ ಕಟ್ಟಡವೊಂದರ ಹೊಣೆ ಹೊತ್ತವರು ಯಂತ್ರದ ಬೆಲೆ ಕೇಳುವ ಮೊದಲು ಕೆಲವು ಸರಳ ಕೆಲಸಗಳನ್ನು ಮಾಡಬಹುದು. ಹಳೆಯ ವೈರುಗಳನ್ನು ಬದಲಾಯಿಸುವುದು. ಅಟ್ಟದ ಹಳೆಯ ಚಾಪೆ, ಶಾಮಿಯಾನ, ಬಣ್ಣದ ಡಬ್ಬಿಗಳನ್ನು ಹೊರಗೆ ಹಾಕುವುದು. ಕಟ್ಟಡದ ನಕ್ಷೆಯಲ್ಲಿ ಪ್ರತಿ ಮೂಲೆಗೂ ಊರವರು ಬಳಸುವ ಹೆಸರನ್ನೇ ಬರೆದು ಬಾಗಿಲ ಬಳಿ ತೂಗುಹಾಕುವುದು. ಯಂತ್ರದ ಫಲಕವೂ ಆ ಹೆಸರನ್ನೇ ಹೇಳಬೇಕು, ಸಂಕೇತವನ್ನಲ್ಲ. ಹತ್ತಿರದ ಅಗ್ನಿಶಾಮಕ ಠಾಣೆಯವರನ್ನು ಒಮ್ಮೆ ಕರೆದು, ಚಹಾ ಕೊಟ್ಟು, ಅಟ್ಟದ ಏಣಿ ಎಲ್ಲಿದೆ, ನೀರು ಎಲ್ಲಿದೆ ಎಂದು ತೋರಿಸುವುದು. ಇದಾದ ಮೇಲೆ ಯಂತ್ರ ಬರಲಿ, ಮರಕ್ಕೆ ನೋವಾಗದಂತೆ ಬರಲಿ. ಅದರ ಜೊತೆಗೆ ರಾತ್ರಿ ಅಲ್ಲಿ ಮಲಗುವ ಮನುಷ್ಯನಿಗೆ ತರಬೇತಿ, ತಕ್ಕ ಸಂಬಳ ಮತ್ತು ಯಾರನ್ನೂ ಕೇಳದೆ 101 ಒತ್ತುವ ಅಧಿಕಾರವೂ ಬರಲಿ.

ನಾವು ನಮಾಜು ಮಾಡಿದ ಕಂಬದ ಪಕ್ಕದಲ್ಲೇ ನಿಂತು ನಮ್ಮ ಮೊಮ್ಮಕ್ಕಳ ಮಕ್ಕಳೂ ನಮಾಜು ಮಾಡಲಿ ಎಂದು ಬಯಸುವುದು ದೊಡ್ಡ ಆಸೆಯೇನಲ್ಲ. ಆ ಕಂಬವನ್ನು ಇಂದು ರಾತ್ರಿ ಕಾಯುತ್ತಿರುವವನ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತಿದೆ?